ಗುಜರಿ ಆಟದಂಗಳ: ಮಕ್ಕಳನ್ನು ನಂಬಿದವರ ಚರಿತ್ರೆ

ಎರಡನೇ ಮಹಾಯುದ್ಧದ ಚರಿತ್ರೆಯನ್ನು ಓದುವವರಿಗೆ ಸೇನಾಪತಿಗಳ ಹೆಸರು, ಒಪ್ಪಂದಗಳ ದಿನಾಂಕ, ಮಡಿದವರ ಲೆಕ್ಕ ಧಾರಾಳವಾಗಿ ಸಿಗುತ್ತದೆ. ಅದೇ ಯುದ್ಧದ ನಡುವೆ, ಶತ್ರುಸೇನೆಯ ಹಿಡಿತದಲ್ಲಿದ್ದ ಒಂದು ನಗರದಲ್ಲಿ, ಮಕ್ಕಳಿಗಾಗಿ ಆಟದ ಬಯಲೊಂದು ತೆರೆಯಿತು ಎಂಬ ಸಂಗತಿ ಮಾತ್ರ ಆ ಪುಟಗಳ ಅಂಚಿನಲ್ಲೂ ಕಾಣಿಸುವುದು ಅಪರೂಪ. ಅದು 1943ರ ಆಗಸ್ಟ್ ತಿಂಗಳು. ಸ್ಥಳ, ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನ ಎಮ್‌ಡ್ರುಪ್ ಬಡಾವಣೆ. ಆ ಬಯಲಿನಲ್ಲಿ ಜಾರುಬಂಡಿ ಇರಲಿಲ್ಲ, ಉಯ್ಯಾಲೆ ಇರಲಿಲ್ಲ, ಅಂದವಾಗಿ ಕತ್ತರಿಸಿದ ಹುಲ್ಲುಹಾಸೂ ಇರಲಿಲ್ಲ. ಹಳೆಯ ಹಲಗೆಗಳು, ಇಟ್ಟಿಗೆಗಳು, ಕಂಬಗಳು, ಮಣ್ಣು, ಅಗೆಯಲು ಗುದ್ದಲಿ, ಸಾಗಿಸಲು ಕೈಗಾಡಿ, ಬಡಿಯಲು ಸುತ್ತಿಗೆ ಮತ್ತು ಮೊಳೆ. ಇಷ್ಟೇ. ಡ್ಯಾನಿಶ್ ಭಾಷೆಯಲ್ಲಿ ಅದಕ್ಕಿಟ್ಟ ಹೆಸರಿನ ಅರ್ಥವೇ ‘ಗುಜರಿ ಆಟದಂಗಳ’.

ಈ ಪುಟ್ಟ ಪ್ರಯೋಗ ಮುಂದೆ ಲಂಡನ್, ಝೂರಿಕ್, ಬರ್ಲಿನ್, ಟೋಕಿಯೊಗಳವರೆಗೆ ಹಬ್ಬಿತು. ಮಕ್ಕಳನ್ನು ಎಷ್ಟು ನಂಬಬೇಕು, ಎಷ್ಟು ಕಾಯಬೇಕು ಎಂಬ ಪ್ರಶ್ನೆಯನ್ನು ಅದು ಹೋದಲ್ಲೆಲ್ಲ ಎಬ್ಬಿಸಿತು. ಆ ಪ್ರಶ್ನೆ ಇಂದು ನಮ್ಮ ಮನೆಯಂಗಳಕ್ಕೂ ಬಂದು ನಿಂತಿದೆ. ಆದುದರಿಂದ ಈ ಚರಿತ್ರೆಯನ್ನು ಸ್ವಲ್ಪ ವಿವರವಾಗಿಯೇ ನೋಡುವುದು ಒಳ್ಳೆಯದು.

ಬೀದಿಯಿಂದ ಬೇಲಿಯೊಳಗೆ

ಮಕ್ಕಳ ಆಟಕ್ಕೆಂದೇ ಬೇರೆ ಜಾಗ ಬೇಕು ಎಂಬ ಯೋಚನೆ ಬಹಳ ಹಳೆಯದೇನಲ್ಲ. ಹಳ್ಳಿಯ ಮಗುವಿಗೆ ಹೊಲ, ತೋಡು, ಮರ, ಕೊಟ್ಟಿಗೆ ಎಲ್ಲವೂ ಆಟದ ಜಾಗವೇ. 19ನೇ ಶತಮಾನದಲ್ಲಿ ಕಾರ್ಖಾನೆಗಳ ಸುತ್ತ ನಗರಗಳು ಒತ್ತೊತ್ತಾಗಿ ಬೆಳೆದಾಗ ಯುರೋಪು ಮತ್ತು ಅಮೆರಿಕದ ಬಡ ಕುಟುಂಬಗಳ ಮಕ್ಕಳಿಗೆ ಉಳಿದದ್ದು ಬೀದಿಯೊಂದೇ. ಬೀದಿಯಲ್ಲಿ ಗಾಡಿಗಳು, ಆಮೇಲೆ ಮೋಟಾರುಗಳು. ಜೊತೆಗೆ, ಬೀದಿಯಲ್ಲಿ ಬೆಳೆದ ಮಕ್ಕಳು ಕೆಟ್ಟುಹೋಗುತ್ತಾರೆ ಎಂಬ ಮಧ್ಯಮ ವರ್ಗದ ಆತಂಕ.

ಜರ್ಮನಿಯಲ್ಲಿ ಉದ್ಯಾನಗಳಲ್ಲಿ ಮರಳಿನ ರಾಶಿ ಹಾಕಿ ಮಕ್ಕಳನ್ನು ಆಡಲು ಬಿಡುವ ರೂಢಿ ಇತ್ತು. ಅದನ್ನು ನೋಡಿ 1885ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಅಂಥದೇ ಮರಳಿನ ಅಂಗಳವನ್ನು ಮಾಡಲಾಯಿತು. 20ನೇ ಶತಮಾನದ ಮೊದಲ ದಶಕಗಳಲ್ಲಿ ಮರಳಿನ ಜೊತೆಗೆ ಕಬ್ಬಿಣದ ಉಯ್ಯಾಲೆ, ಏತ, ಜಾರುಬಂಡಿ ಬಂದವು. ನೆಲಕ್ಕೆ ಗಾರೆ ಬಿತ್ತು, ಸುತ್ತ ಬೇಲಿ ಬಂತು. ನಾವು ಇಂದು ‘ಮಕ್ಕಳ ಪಾರ್ಕ್’ ಎಂದು ಕರೆಯುವ ವ್ಯವಸ್ಥೆ ರೂಪುಗೊಂಡದ್ದು ಹೀಗೆ. ಅದರ ಹಿಂದಿದ್ದ ಉದ್ದೇಶ ಒಳ್ಳೆಯದೇ. ಆದರೆ ಒಂದು ಕೊರತೆ ಮೊದಲಿನಿಂದಲೂ ಇತ್ತು. ಉಯ್ಯಾಲೆಯ ಮೇಲೆ ಏನು ಮಾಡಬೇಕು ಎಂಬುದನ್ನು ಅದನ್ನು ತಯಾರಿಸಿದ ದೊಡ್ಡವರು ಆಗಲೇ ನಿರ್ಧರಿಸಿಬಿಟ್ಟಿರುತ್ತಾರೆ. ಮಗು ಅದನ್ನು ಬಳಸಬಹುದು, ಬದಲಾಯಿಸಲಾಗದು.

ನೋಡುವ ಕಣ್ಣಿದ್ದ ವಾಸ್ತುಶಿಲ್ಪಿ

ಈ ಕೊರತೆಯನ್ನು ಗುರುತಿಸಿದವರಲ್ಲಿ ಮುಖ್ಯರು ಡೆನ್ಮಾರ್ಕಿನ ಕಾರ್ಲ್ ಥಿಯೋಡರ್ ಸೋರೆನ್‌ಸನ್ (1893-1979). ಉದ್ಯಾನ ಮತ್ತು ಬಯಲುಗಳನ್ನು ರೂಪಿಸುವುದು ಅವರ ವೃತ್ತಿ. ಆರ್ಹುಸ್ ವಿಶ್ವವಿದ್ಯಾನಿಲಯದ ವಿಶಾಲವಾದ ಆವರಣ ಅವರ ಹೆಸರಾಂತ ಕೆಲಸಗಳಲ್ಲಿ ಒಂದು. ವಸತಿ ಸಮುಚ್ಚಯಗಳಿಗೆ ಅವರು ಆಟದ ಮೈದಾನಗಳನ್ನೂ ಮಾಡಿಕೊಟ್ಟಿದ್ದರು. ಆದರೆ ಮಕ್ಕಳು ತಮಗಾಗಿ ಮಾಡಿದ ಮೈದಾನವನ್ನು ಬಿಟ್ಟು ಉಳಿದೆಲ್ಲ ಕಡೆ ಆಡುತ್ತಾರೆ ಎಂಬುದನ್ನು ಅವರು ಗಮನಿಸಿದರು. ಕಟ್ಟಡ ಕಟ್ಟುವಲ್ಲಿ ಬಿದ್ದಿರುವ ಮರಳು, ಹಲಗೆ, ಇಟ್ಟಿಗೆಗಳ ನಡುವೆ, ಗುಜರಿ ರಾಶಿಗಳ ನಡುವೆ ಮಕ್ಕಳು ಗಂಟೆಗಟ್ಟಲೆ ತಲ್ಲೀನರಾಗಿರುತ್ತಿದ್ದರು.

ಇದನ್ನು ನೋಡಿದ ಬೇರೆ ಯಾರಾದರೂ ಇನ್ನೂ ಎತ್ತರದ ಬೇಲಿ ಹಾಕಬೇಕೆಂದು ಹೇಳುತ್ತಿದ್ದರೋ ಏನೋ. ಸೋರೆನ್‌ಸನ್ ತಮ್ಮ ನಕಾಶೆಯೇ ಸರಿಯಿಲ್ಲವೆಂದುಕೊಂಡರು. 1931ರಲ್ಲಿ ಉದ್ಯಾನ ನೀತಿಯ ಕುರಿತು ಬರೆದ ಪುಸ್ತಕದಲ್ಲಿ ಅವರು ಹೊಸದೊಂದು ಸಲಹೆಯನ್ನು ಮುಂದಿಟ್ಟರು. ಹಳೆಯ ಸಾಮಾನುಗಳನ್ನು ತುಂಬಿದ ಒಂದು ಜಾಗವನ್ನು ಮಕ್ಕಳಿಗೆ ಬಿಟ್ಟುಕೊಟ್ಟು ನೋಡಬೇಕು ಎಂಬುದೇ ಆ ಸಲಹೆ. ಹಳ್ಳಿಯ ಮಗುವಿಗೆ ಸಹಜವಾಗಿ ಸಿಗುವ ಅವಕಾಶ ಪಟ್ಟಣದ ಮಗುವಿಗೂ ಸಿಗಬೇಕು ಎಂಬುದು ಅವರ ಆಶಯ. ಹಳ್ಳಿಯಲ್ಲಿ ಮಗು ಕಟ್ಟುತ್ತದೆ, ಕೆಡವುತ್ತದೆ, ಅಗೆಯುತ್ತದೆ, ಹತ್ತುತ್ತದೆ, ಬೀಳುತ್ತದೆ. ಪಟ್ಟಣದ ಮಗುವಿಗೆ ನಾವು ಕೊಟ್ಟಿರುವುದು ಕಬ್ಬಿಣದ ಕೊಳವೆ ಮಾತ್ರ.

ಸಲಹೆ ಪುಸ್ತಕದಲ್ಲೇ ಹನ್ನೆರಡು ವರ್ಷ ಉಳಿಯಿತು. ಅದು ನೆಲಕ್ಕಿಳಿದದ್ದು ಯಾರೂ ಹೊಸ ಪ್ರಯೋಗಗಳನ್ನು ನಿರೀಕ್ಷಿಸದ ಕಾಲದಲ್ಲಿ.

ಆಕ್ರಮಿತ ನಗರದಲ್ಲಿ

1940ರ ಏಪ್ರಿಲ್ 9ರಂದು ನಾಝಿ ಜರ್ಮನಿಯ ಸೇನೆ ಡೆನ್ಮಾರ್ಕನ್ನು ಆಕ್ರಮಿಸಿತು. ಮೊದಲ ವರ್ಷಗಳಲ್ಲಿ ಮೇಲ್ನೋಟಕ್ಕೆ ಶಾಂತಿ ಇದ್ದರೂ 1943ರ ಬೇಸಗೆಯ ಹೊತ್ತಿಗೆ ಪರಿಸ್ಥಿತಿ ಬಿಗಡಾಯಿಸಿತ್ತು. ಊರೂರಿನಲ್ಲಿ ಮುಷ್ಕರಗಳು, ರೈಲುಹಳಿ ಮತ್ತು ಕಾರ್ಖಾನೆಗಳ ಮೇಲೆ ಪ್ರತಿರೋಧ ಹೋರಾಟಗಾರರ ದಾಳಿಗಳು ನಡೆಯುತ್ತಿದ್ದವು. ಆಗಸ್ಟ್ 29ರಂದು ಜರ್ಮನ್ನರು ಸೇನಾಡಳಿತವನ್ನು ಘೋಷಿಸಿದರು. ಅಕ್ಟೋಬರಿನಲ್ಲಿ ಯಹೂದಿಯರನ್ನು ಬಂಧಿಸುವ ಆದೇಶ ಬಂದಾಗ ಸಾಮಾನ್ಯ ಜನರು ಸುಮಾರು 7 ಸಾವಿರ ಮಂದಿಯನ್ನು ಮೀನುಗಾರರ ದೋಣಿಗಳಲ್ಲಿ ಸ್ವೀಡನ್ನಿಗೆ ದಾಟಿಸಿ ಉಳಿಸಿದರು.

ಎಮ್‌ಡ್ರುಪ್‌ನ ಗುಜರಿ ಆಟದಂಗಳ ತೆರೆದದ್ದು ಇದೇ ಆಗಸ್ಟಿನ ನಡುಭಾಗದಲ್ಲಿ. ಕಾರ್ಮಿಕರ ಸಹಕಾರಿ ವಸತಿ ಸಂಘವೊಂದು ಅಲ್ಲಿ ಮನೆಗಳನ್ನು ಕಟ್ಟಿಸುತ್ತಿತ್ತು. ಅದರ ವಾಸ್ತುಶಿಲ್ಪಿ ಡಾನ್ ಫಿಂಕ್ ಅವರು ಸೋರೆನ್‌ಸನ್ ಅವರ ಹಳೆಯ ಸಲಹೆಯನ್ನು ಕೈಗೆತ್ತಿಕೊಂಡರು. ಮಕ್ಕಳ ತುಂಟಾಟವನ್ನು ಜರ್ಮನ್ ಸೈನಿಕರು ವಿಧ್ವಂಸಕ ಕೃತ್ಯವೆಂದು ತಿಳಿದಾರು ಎಂಬ ಹೆತ್ತವರ ಭಯವೂ ಇದಕ್ಕೆ ಒಂದು ಕಾರಣ ಎಂದು ಈ ವಿಷಯವನ್ನು ಅಧ್ಯಯನ ಮಾಡಿದವರು ಬರೆದಿದ್ದಾರೆ. ಅಪಾಯ ಹೊರಗಿತ್ತು. ಮಕ್ಕಳಿಗೆ ಸ್ವಾತಂತ್ರ್ಯ ಸಿಗುವ ಒಂದು ಜಾಗ ಒಳಗೆ ಬೇಕಾಗಿತ್ತು.

ಸುಮಾರು ಒಂದೂವರೆ ಎಕರೆ ಜಾಗ. ಸುತ್ತಲೂ ಆಳೆತ್ತರದ ಮಣ್ಣಿನ ದಿಣ್ಣೆ ಮತ್ತು ಬೇಲಿ. ಈ ದಿಣ್ಣೆಯಿಂದ ಎರಡು ಅನುಕೂಲವಾಯಿತು. ಒಳಗಿನ ಅಸ್ತವ್ಯಸ್ತ ನೋಟ ನೆರೆಹೊರೆಯವರ ಕಣ್ಣಿಗೆ ಬೀಳಲಿಲ್ಲ. ದೊಡ್ಡವರ ಕಣ್ಣು ಮಕ್ಕಳ ಮೇಲೆ ಸದಾ ನೆಟ್ಟಿರಲೂ ಇಲ್ಲ. ಒಳಗೆ ಮಕ್ಕಳು ಗುಹೆ ತೋಡಿದರು, ಗುಡಿಸಲು ಕಟ್ಟಿದರು, ಗೋಪುರ ಏರಿಸಿದರು. ಬೇಸರ ಬಂದಾಗ ಕೆಡವಿ, ಅದೇ ಹಲಗೆಯಿಂದ ಮತ್ತೊಂದನ್ನು ಕಟ್ಟಿದರು.

ಏನನ್ನೂ ಕಲಿಸದ ಗುರು

ಈ ಅಂಗಳದ ಮೊದಲ ಮೇಲ್ವಿಚಾರಕ ಜಾನ್ ಬರ್ಟೆಲ್‌ಸನ್. ಶಿಶುವಿಹಾರದ ಶಿಕ್ಷಕರಾಗಿ ತರಬೇತಿ ಪಡೆದಿದ್ದ ಇವರು ಅದಕ್ಕೂ ಮೊದಲು ಹಡಗಿನಲ್ಲಿ ದುಡಿದವರು. ತಾವು ನಡೆಸುತ್ತಿದ್ದ ಕೆಲಸಕ್ಕೆ ಅವರು ತಮಾಷೆಯಾಗಿ ‘ಗುಜರಿಶಾಸ್ತ್ರ’ ಎಂಬ ಅರ್ಥ ಬರುವ ಹೆಸರೊಂದನ್ನು ಟಂಕಿಸಿದರು. ಹೆಸರು ತಮಾಷೆಯದಾದರೂ ಅದರ ಹಿಂದಿನ ತತ್ವ ಗಂಭೀರವಾದುದು.

ಮಕ್ಕಳಿಗೆ ತಾನು ಏನನ್ನೂ ಕಲಿಸಲಾರೆ, ಕಲಿಸಲು ಹೋಗುವುದೂ ಇಲ್ಲ ಎಂಬುದು ಬರ್ಟೆಲ್‌ಸನ್ ಅವರ ನಿಲುವು. ಆಟ ಮಕ್ಕಳಿಂದಲೇ ಹುಟ್ಟಬೇಕು. ಮೇಲ್ವಿಚಾರಕ ಸಾಮಾನು ಒದಗಿಸಬೇಕು, ಕೇಳಿದಾಗ ಸಲಹೆ ಕೊಡಬೇಕು, ಕೈಗೆಟಕುವಷ್ಟು ಹತ್ತಿರ ಇರಬೇಕು. ಆದರೆ ಯಾವ ಆಟ, ಯಾರ ಜೊತೆ, ಹೇಗೆ ಎಂದು ಗೆರೆ ಎಳೆಯಬಾರದು. ಇದನ್ನು ಕೇಳಿದರೆ ಸುಲಭದ ಕೆಲಸವೆನಿಸಬಹುದು. ಮಕ್ಕಳ ಮುಂದೆ ಸುಮ್ಮನಿರುವುದು ಎಷ್ಟು ಕಷ್ಟವೆಂಬುದು ಹೆತ್ತವರಿಗೂ ಶಿಕ್ಷಕರಿಗೂ ತಿಳಿದಿರುವ ವಿಷಯವೇ. ಮಗು ಮೊಳೆಯನ್ನು ಸೊಟ್ಟ ಹೊಡೆಯುತ್ತಿರುವುದನ್ನು ನೋಡಿ ಸುತ್ತಿಗೆಯನ್ನು ಕಿತ್ತುಕೊಳ್ಳದಿರಲು ದೊಡ್ಡ ಸಂಯಮವೇ ಬೇಕು.

ಸುಮ್ಮನಿರುವುದೆಂದರೆ ಕೈಬಿಡುವುದಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. ಮಕ್ಕಳು ತೋಡಿದ ಗುಹೆ ಕುಸಿಯುವಂತಿದ್ದರೆ, ಕಟ್ಟಿದ ಗೋಪುರ ಉರುಳುವಂತಿದ್ದರೆ ದೊಡ್ಡವರು ಮಧ್ಯೆ ಬರುತ್ತಿದ್ದರು. ಮಗು ಕಣ್ಣಾರೆ ಕಂಡು, ಅಂದಾಜು ಮಾಡಿ, ಏರಬೇಕೋ ಬೇಡವೋ ಎಂದು ತಾನೇ ತೀರ್ಮಾನಿಸಬಹುದಾದ ಅಪಾಯ ಒಂದು ಬಗೆಯದು. ಮಗುವಿನ ಕಣ್ಣಿಗೆ ಬೀಳದ ಅಪಾಯ ಇನ್ನೊಂದು ಬಗೆಯದು. ಮರದ ಎತ್ತರ ಮೊದಲನೆಯದಕ್ಕೆ ಉದಾಹರಣೆ. ಒಳಗೆ ಗೆದ್ದಲು ತಿಂದ ಕೊಂಬೆ ಎರಡನೆಯದಕ್ಕೆ. ಮೊದಲನೆಯದನ್ನು ಮಗುವಿಗೆ ಬಿಡಬೇಕು. ಎರಡನೆಯದನ್ನು ನಿವಾರಿಸುವುದು ದೊಡ್ಡವರ ಹೊಣೆ. ಗುಜರಿ ಆಟದಂಗಳದ ಇಡೀ ಚರಿತ್ರೆಯಲ್ಲಿ ಬಾಳಿ ಬಂದ ವಿವೇಕವಿದು.

ಬಾಂಬು ಬಿದ್ದ ಜಾಗಗಳಲ್ಲಿ

ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಬ್ರಿಟನ್ನಿನ ಲೇಡಿ ಅಲನ್ ಆಫ್ ಹರ್ಟ್‌ವುಡ್ (1897-1976) ಎಮ್‌ಡ್ರುಪ್‌ಗೆ ಭೇಟಿ ನೀಡಿದರು. ಮಾರ್ಜರಿ ಅಲನ್ ಎಂಬುದು ಅವರ ಹೆಸರು. ಅವರೂ ಉದ್ಯಾನ ವಾಸ್ತುಶಿಲ್ಪಿಯೇ. ಮಕ್ಕಳ ಹಕ್ಕಿನ ವಿಷಯದಲ್ಲಿ ಅವರು ಆಗಲೇ ಹೆಸರು ಮಾಡಿದ್ದರು. ಅನಾಥಾಲಯಗಳಲ್ಲಿರುವ ಮಕ್ಕಳ ದುಸ್ಥಿತಿಯ ಬಗ್ಗೆ 1944ರ ಜುಲೈಯಲ್ಲಿ ಅವರು ‘ದಿ ಟೈಮ್ಸ್’ ಪತ್ರಿಕೆಗೆ ಬರೆದ ಪತ್ರ ದೇಶದಾದ್ಯಂತ ಚರ್ಚೆಯನ್ನೆಬ್ಬಿಸಿತ್ತು. ಅದು ಸರಕಾರಿ ವಿಚಾರಣಾ ಸಮಿತಿಯ ನೇಮಕಕ್ಕೂ, ಕೊನೆಗೆ 1948ರ ಮಕ್ಕಳ ಕಾಯ್ದೆಗೂ ದಾರಿ ಮಾಡಿಕೊಟ್ಟಿತು.

ಲಂಡನ್ನಿಗೆ ಮರಳಿದ ಲೇಡಿ ಅಲನ್ 1946ರ ನವೆಂಬರಿನಲ್ಲಿ ‘ಪಿಕ್ಚರ್ ಪೋಸ್ಟ್’ ಎಂಬ ಜನಪ್ರಿಯ ಸಚಿತ್ರ ವಾರಪತ್ರಿಕೆಯಲ್ಲಿ ಲೇಖನ ಬರೆದರು. ನಮ್ಮ ಬಾಂಬು ಬಿದ್ದ ಜಾಗಗಳನ್ನು ಏಕೆ ಹೀಗೆ ಬಳಸಬಾರದು ಎಂಬುದು ಅವರ ಪ್ರಶ್ನೆ.

ಆ ಪ್ರಶ್ನೆಯ ತೂಕ ಅರಿಯಬೇಕಾದರೆ ಅಂದಿನ ಲಂಡನ್ನನ್ನು ಕಲ್ಪಿಸಿಕೊಳ್ಳಬೇಕು. 1940ರ ಸೆಪ್ಟೆಂಬರಿನಿಂದ 1941ರ ಮೇ ತನಕ ಜರ್ಮನ್ ವಿಮಾನಗಳು ನಗರದ ಮೇಲೆ ಬಾಂಬುಗಳನ್ನು ಸುರಿದಿದ್ದವು. 1944-45ರಲ್ಲಿ ಹಾರುಬಾಂಬು ಮತ್ತು ರಾಕೆಟ್‌ಗಳ ಸರದಿ. ಯುದ್ಧ ಮುಗಿದಾಗ ಬೀದಿಬೀದಿಗಳಲ್ಲಿ ಹಲ್ಲು ಕಿತ್ತ ಬಾಯಿಯಂತೆ ಖಾಲಿ ಜಾಗಗಳು, ಕುಸಿದ ಗೋಡೆಗಳು. ಮಕ್ಕಳು ಆಗಲೇ ಅಲ್ಲಿ ಆಡುತ್ತಿದ್ದರು. ಅವರನ್ನು ಅತಿಕ್ರಮಣಕಾರರೆಂದೂ ಪುಂಡರೆಂದೂ ಓಡಿಸಲಾಗುತ್ತಿತ್ತು. ಓಡಿಸುವ ಬದಲು ಅವರ ಕೈಗೆ ಗುದ್ದಲಿ ಸುತ್ತಿಗೆ ಕೊಡಿ, ಒಬ್ಬ ಒಳ್ಳೆಯ ಮೇಲ್ವಿಚಾರಕರನ್ನು ನೇಮಿಸಿ ಎಂದು ಲೇಡಿ ಅಲನ್ ವಾದಿಸಿದರು. ಐದಾರು ವರ್ಷಗಳ ಕಾಲ ಮನೆಗಳು ಉರುಳುವುದನ್ನೇ ನೋಡಿದ ಮಕ್ಕಳು ಅದೇ ಇಟ್ಟಿಗೆಗಳಿಂದ ಏನನ್ನಾದರೂ ಕಟ್ಟುವುದರಲ್ಲಿ ಒಂದು ಬಗೆಯ ಚಿಕಿತ್ಸೆಯೂ ಇತ್ತು.

1948ರಲ್ಲಿ ದಕ್ಷಿಣ ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ, ಬಾಂಬಿಗೆ ತುತ್ತಾದ ಚರ್ಚೊಂದರ ಜಾಗದಲ್ಲಿ, ಇಂಥ ಅಂಗಳ ಆರಂಭವಾಯಿತು. 1955ರಲ್ಲಿ ಲ್ಯಾಂಬೆತ್‌ನ ಲೊಲಾರ್ಡ್ ಬೀದಿಯಲ್ಲಿ, ನಾಶವಾದ ಶಾಲೆಯೊಂದರ ಜಾಗದಲ್ಲಿ, ಮತ್ತೊಂದು. ದಾರಿ ಸುಗಮವಾಗಿರಲಿಲ್ಲ. ನೋಡಲು ಅಸಹ್ಯ, ಗದ್ದಲ ಜಾಸ್ತಿ ಎಂದು ನೆರೆಹೊರೆಯವರ ದೂರು. ಹಣದ ಅಭಾವ. ಜಾಗ ಸಿಕ್ಕಿದರೂ ತಾತ್ಕಾಲಿಕ. ಅಲ್ಲಿ ಕಟ್ಟಡ ಬರುವ ದಿನ ಆಟ ಮುಗಿಯಬೇಕು. ‘ಗುಜರಿ’ ಎಂಬ ಹೆಸರೇ ಅಧಿಕಾರಿಗಳಿಗೆ ಇರುಸುಮುರುಸು. ಹಾಗಾಗಿ 1950ರ ದಶಕದಲ್ಲಿ ಬ್ರಿಟನ್ನಿನಲ್ಲಿ ಹೆಸರನ್ನು ‘ಸಾಹಸ ಆಟದಂಗಳ’ ಎಂದು ಬದಲಾಯಿಸಲಾಯಿತು.

ಮುರಿದ ಕಾಲು ಕೂಡಿಕೊಳ್ಳುತ್ತದೆ, ಮುರಿದ ಮನಸ್ಸು ಕೂಡಿಕೊಳ್ಳುವುದು ಕಷ್ಟ ಎಂಬುದು ಲೇಡಿ ಅಲನ್ ಅವರ ಪ್ರಸಿದ್ಧ ಮಾತಿನ ತಾತ್ಪರ್ಯ. ಇದನ್ನು ಮಕ್ಕಳ ಬಗ್ಗೆ ಉಡಾಫೆಯಿದ್ದವರ ಮಾತು ಎಂದು ತಿಳಿಯಬಾರದು. ಅವರ ಕಾಳಜಿ ಎಲ್ಲಿಯವರೆಗೆ ಹೋಯಿತೆಂದರೆ, ಅಂಗವಿಕಲ ಮಕ್ಕಳಿಗೂ ಸಾಹಸದ ಹಕ್ಕಿದೆ ಎಂದು ಅವರು ಹಟ ಹಿಡಿದರು. 1970ರಲ್ಲಿ ಲಂಡನ್ನಿನ ಚೆಲ್ಸಿಯಲ್ಲಿ ಅಂಥ ಮಕ್ಕಳಿಗಾಗಿಯೇ ಸಾಹಸ ಆಟದಂಗಳ ತೆರೆಯಿತು. ಎಲ್ಲರಿಂದಲೂ ಅತಿಯಾಗಿ ಕಾಯಲ್ಪಟ್ಟು ಒಂದು ಮರವನ್ನೂ ಹತ್ತದ ಮಕ್ಕಳಿಗೆ ಅದು ಬೇರೆಯೇ ಲೋಕವಾಗಿತ್ತು.

ಹಲಗೆಗಳು ಮುಗಿದಾಗ

ಅಟ್ಲಾಂಟಿಕ್ ಸಾಗರದ ಆಚೆಗೂ ಈ ಸುದ್ದಿ ಹೋಯಿತು. 1949ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ‘ಮೆಕಾಲ್ಸ್’ ಎಂಬ ಮಹಿಳಾ ಪತ್ರಿಕೆಯ ನೆರವಿನಿಂದ ‘ದಿ ಯಾರ್ಡ್’ ಎಂಬ ಅಂಗಳ ಆರಂಭವಾಯಿತು. ಅಲ್ಲಿ ನಡೆದ ಘಟನೆಯೊಂದನ್ನು ಬ್ರಿಟಿಷ್ ಲೇಖಕ ಕಾಲಿನ್ ವಾರ್ಡ್ ಮುಂದೆ ಮತ್ತೆ ಮತ್ತೆ ಉದಾಹರಿಸಿದರು.

ಅಂಗಳ ತೆರೆದ ಮೊದಲ ದಿನಗಳಲ್ಲಿ ಪ್ರತಿ ಮಗುವೂ ತನ್ನದೇ ಗುಡಿಸಲು ಕಟ್ಟಲು ಹೊರಟಿತು. ಕೈಗೆ ಸಿಕ್ಕಿದ ಹಲಗೆಗಳನ್ನೂ ಮೊಳೆಗಳನ್ನೂ ಉಪಕರಣಗಳನ್ನೂ ಬಾಚಿ ಬಚ್ಚಿಟ್ಟುಕೊಳ್ಳುವುದು ಶುರುವಾಯಿತು. ಜಗಳಗಳಾದವು. ಸಾಮಾನಿನ ರಾಶಿ ಬೇಗನೆ ಖಾಲಿಯಾಯಿತು. ಹಲಗೆ ಇದ್ದವನ ಬಳಿ ಸುತ್ತಿಗೆ ಇಲ್ಲ, ಸುತ್ತಿಗೆ ಇದ್ದವನ ಬಳಿ ಮೊಳೆ ಇಲ್ಲ. ಇಲ್ಲಿಗೆ ಈ ಪ್ರಯೋಗ ಸೋತಿತು ಎಂದು ದೊಡ್ಡವರಿಗೆ ಅನಿಸಿದರೆ ಆಶ್ಚರ್ಯವಿಲ್ಲ. ಆದರೆ ಅವರು ಮಧ್ಯೆ ಪ್ರವೇಶಿಸಿ ಹಂಚಿಕೆಯ ನಿಯಮ ಮಾಡಲಿಲ್ಲ. ಕೆಲವು ದಿನಗಳಲ್ಲಿ ಮಕ್ಕಳೇ ಸೇರಿ ಇದ್ದುದನ್ನೆಲ್ಲ ಒಟ್ಟುಗೂಡಿಸಿದರು. ಒಂಟಿ ಗುಡಿಸಲುಗಳ ಬದಲು ಜೊತೆಯಾಗಿ ಕಟ್ಟುವ ಮನೆಗಳು ಎದ್ದವು. ಹೊಸ ಹಲಗೆಗಳು ಬಂದಾಗ ಮೊದಲಿನ ಬಾಚಾಟ ಮರುಕಳಿಸಲಿಲ್ಲ.

ಹಂಚಿಕೊಂಡು ಬಾಳಬೇಕು ಎಂದು ನಾವು ಮಕ್ಕಳಿಗೆ ಎಷ್ಟು ಸಲ ಉಪದೇಶ ಮಾಡುವುದಿಲ್ಲ? ಪಠ್ಯಪುಸ್ತಕಗಳಲ್ಲಿ ಅದಕ್ಕಾಗಿ ಪಾಠಗಳೇ ಇವೆ. ಮಿನಿಯಾಪೊಲಿಸ್ಸಿನ ಮಕ್ಕಳಿಗೆ ಆ ಪಾಠವನ್ನು ಕಲಿಸಿದ್ದು ಖಾಲಿಯಾದ ಹಲಗೆಯ ರಾಶಿ. ಅದು ಅವರೇ ಮಾಡಿದ ಶೋಧನೆಯಾದ್ದರಿಂದ ಅವರದ್ದೇ ಆಗಿ ಉಳಿಯಿತು.

ಟೋಕಿಯೊದ ಫಲಕ

1950ರ ದಶಕದಲ್ಲಿ ಸ್ವಿಟ್ಜರ್‌ಲೆಂಡಿನ ಝೂರಿಕ್‌ನಲ್ಲಿ ‘ರಾಬಿನ್ಸನ್ ಆಟದಂಗಳ’ಗಳು ಬಂದವು. ನಿರ್ಜನ ದ್ವೀಪದಲ್ಲಿ ತನ್ನ ಕೈಯಿಂದಲೇ ಎಲ್ಲವನ್ನೂ ಮಾಡಿಕೊಂಡ ರಾಬಿನ್ಸನ್ ಕ್ರೂಸೊನ ನೆನಪಿಗೆ ಇಟ್ಟ ಹೆಸರದು. 1967ರಲ್ಲಿ ಪಶ್ಚಿಮ ಬರ್ಲಿನ್ನಿನ ಹೊಸ ಗಗನಚುಂಬಿ ಬಡಾವಣೆಯೊಂದರಲ್ಲಿ ಸಾಹಸ ಆಟದಂಗಳ ತೆರೆಯಿತು. ಜರ್ಮನಿಯಲ್ಲಿ ಇಂದಿಗೂ ಇಂಥ ಅಂಗಳಗಳು ನೂರಾರು ಇವೆ.

ಜಪಾನಿನ ಕತೆ ಇನ್ನೂ ಕುತೂಹಲಕರ. ಲೇಡಿ ಅಲನ್ 1968ರಲ್ಲಿ ಪ್ರಕಟಿಸಿದ ಆಟದ ಯೋಜನೆ ಕುರಿತ ಪುಸ್ತಕವನ್ನು ಟೋಕಿಯೊದ ದಂಪತಿಗಳು 1970ರ ದಶಕದ ಆರಂಭದಲ್ಲಿ ಜಪಾನಿ ಭಾಷೆಗೆ ತಂದರು. ಪುಸ್ತಕದಿಂದ ಪ್ರಯೋಗ ಹುಟ್ಟಿತು. ಅಂತಾರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಟೋಕಿಯೊದ ಸೆತಗಾಯ ವಿಭಾಗದಲ್ಲಿ ‘ಹನೇಗಿ’ ಆಟದ ಉದ್ಯಾನ ಆರಂಭವಾಯಿತು. ಜಾಗ ಮತ್ತು ಹಣ ಸ್ಥಳೀಯಾಡಳಿತದ್ದು, ನಡೆಸುವುದು ಸುತ್ತಲಿನ ನಿವಾಸಿಗಳು. ಮಕ್ಕಳು ಅಲ್ಲಿ ಬೆಂಕಿ ಹಚ್ಚುತ್ತಾರೆ, ಮಣ್ಣು ಅಗೆಯುತ್ತಾರೆ, ಮಾಡಿನ ಮೇಲಿನಿಂದ ಜಿಗಿಯುತ್ತಾರೆ. ಸ್ವಂತ ಜವಾಬ್ದಾರಿಯ ಮೇಲೆ ಸ್ವತಂತ್ರವಾಗಿ ಆಡಬೇಕು ಎಂಬುದು ಅಲ್ಲಿನ ಧ್ಯೇಯ. ಅದನ್ನು ಫಲಕದಲ್ಲಿ ಬರೆದು ಹಾಕಿದ್ದಾರೆ. ನಮ್ಮ ಉದ್ಯಾನಗಳ ಫಲಕಗಳಲ್ಲಿ ಸಾಮಾನ್ಯವಾಗಿ ಏನು ಬರೆದಿರುತ್ತದೆ ಎಂಬುದನ್ನು ಓದುಗರು ಒಮ್ಮೆ ನೆನಪಿಸಿಕೊಳ್ಳಬಹುದು. ಹುಲ್ಲಿನ ಮೇಲೆ ನಡೆಯಬಾರದು. ಚೆಂಡಾಟ ಆಡಬಾರದು. ಮರ ಹತ್ತಬಾರದು.

ಭಯ ಗೆದ್ದ ದಶಕಗಳು

1980ರ ದಶಕದಿಂದ ಈ ಅಂಗಳಗಳ ಹಿನ್ನಡೆ ಕಾಣಿಸಿಕೊಂಡಿತು. ಇದಕ್ಕೆ ಕಾರಣಗಳು ಒಂದೆರಡಲ್ಲ. ಬ್ರಿಟನ್ನಿನಲ್ಲಿ ಸ್ಥಳೀಯಾಡಳಿತಗಳ ಖರ್ಚಿಗೆ ಕತ್ತರಿ ಬಿತ್ತು. ಮೇಲ್ವಿಚಾರಕರಿಗೆ ಸಂಬಳ ಕೊಡುವುದಕ್ಕಿಂತ ಒಮ್ಮೆ ಕಬ್ಬಿಣದ ಸಾಧನ ಹೂಳಿ ಬಿಡುವುದು ಅಗ್ಗ. ನಗರದ ಖಾಲಿ ಜಾಗಗಳ ಬೆಲೆ ಗಗನಕ್ಕೇರಿತು. ಅಮೆರಿಕದಲ್ಲಿ ಮಗು ಬಿದ್ದರೆ ಪರಿಹಾರ ಕೋರಿ ನ್ಯಾಯಾಲಯಕ್ಕೆ ಹೋಗುವುದು, ವಿಮಾ ಕಂಪೆನಿಗಳು ಷರತ್ತು ಬಿಗಿಗೊಳಿಸುವುದು ಹೆಚ್ಚಿತು. 1981ರಲ್ಲಿ ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ಆಟದ ಮೈದಾನಗಳಿಗೆ ಮಾರ್ಗದರ್ಶಿ ಕೈಪಿಡಿಯನ್ನು ಹೊರತಂದಿತು. ಅದರ ಉದ್ದೇಶ ಒಳ್ಳೆಯದೇ. ಸಿಮೆಂಟು ನೆಲದ ಮೇಲೆ ಎತ್ತರದ ಜಾರುಬಂಡಿ ನಿಲ್ಲಿಸುವುದನ್ನು ಯಾರೂ ಸಮರ್ಥಿಸಲಾರರು. ಆದರೆ ಮಾರ್ಗದರ್ಶಿ ಸೂತ್ರಗಳೇ ಮೊಕದ್ದಮೆಯ ಅಳತೆಗೋಲಾದಾಗ ಮೈದಾನಗಳೆಲ್ಲ ಒಂದೇ ಅಚ್ಚಿನವಾದವು. ಅದೇ ಪ್ಲಾಸ್ಟಿಕ್ ಜಾರುಬಂಡಿ, ಅದೇ ರಬ್ಬರ್ ನೆಲ. ಸಾಹಸ ಆಟದಂಗಳಗಳಲ್ಲಿ ಬೆರಳೆಣಿಕೆಯವು ಮಾತ್ರ ಅಲ್ಲಿ ಉಳಿದವು. 1979ರಲ್ಲಿ ತೆರೆದ ಕ್ಯಾಲಿಫೋರ್ನಿಯದ ಬರ್ಕ್ಲಿಯ ಅಂಗಳ ಅವುಗಳಲ್ಲೊಂದು.

ಇಲ್ಲಿ ಒಂದು ವಿಪರ್ಯಾಸವಿದೆ. ಬೀದಿಯಲ್ಲಿ ಶತ್ರುಸೈನಿಕರು ಬಂದೂಕು ಹಿಡಿದು ತಿರುಗುತ್ತಿದ್ದಾಗ ಕೋಪನ್‌ಹೇಗನ್ನಿನ ಕಾರ್ಮಿಕರು ತಮ್ಮ ಮಕ್ಕಳ ಕೈಗೆ ಸುತ್ತಿಗೆ ಕೊಟ್ಟರು. ಬಾಂಬು ಬಿದ್ದ ನೆಲದಲ್ಲಿ ಲಂಡನ್ನಿನವರು ಮಕ್ಕಳಿಗೆ ಬೆಂಕಿ ಹಚ್ಚಲು ಬಿಟ್ಟರು. ಶಾಂತಿಯೂ ಸಮೃದ್ಧಿಯೂ ಇದ್ದ ಕಾಲದಲ್ಲಿ ಅವರ ಮೊಮ್ಮಕ್ಕಳಿಗೆ ಮರ ಹತ್ತುವುದು ನಿಷಿದ್ಧವಾಯಿತು.

ಕಳೆದ ಕೆಲವು ದಶಕಗಳಲ್ಲಿ ಈ ಭಯವನ್ನು ಪ್ರಶ್ನಿಸುವ ಸಂಶೋಧನೆಗಳು ಬಂದಿವೆ. ನಾರ್ವೆಯ ಎಲೆನ್ ಸಾಂಡ್‌ಸೆಟರ್ 2007ರಲ್ಲಿ ಮಕ್ಕಳು ತಾವಾಗಿಯೇ ಹುಡುಕಿಕೊಂಡು ಹೋಗುವ ಸಾಹಸದ ಆಟಗಳನ್ನು ಆರು ಬಗೆಯಾಗಿ ವಿಂಗಡಿಸಿದರು. ಎತ್ತರಕ್ಕೆ ಏರುವುದು, ವೇಗವಾಗಿ ಸಾಗುವುದು, ಚೂರಿ ಗರಗಸದಂಥ ಉಪಕರಣ ಬಳಸುವುದು, ಬೆಂಕಿ ಅಥವಾ ನೀರಿನ ಹತ್ತಿರ ಆಡುವುದು, ಕುಸ್ತಿಯಂಥ ಜಗ್ಗಾಟ, ದೊಡ್ಡವರ ಕಣ್ಣಿನಿಂದ ಮರೆಯಾಗಿ ಅಲೆಯುವುದು. ನಮ್ಮ ಅಜ್ಜಿಯರಿಗೆ ಈ ಪಟ್ಟಿಯನ್ನು ತೋರಿಸಿದರೆ ಇದಕ್ಕೇಕೆ ಸಂಶೋಧನೆ ಎಂದು ನಗುತ್ತಿದ್ದರು. ಇಂಥ ಆಟಗಳಲ್ಲಿ ಮಗು ತನ್ನ ಭಯವನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸಿ ಪಳಗುತ್ತದೆ, ಅದಕ್ಕೆ ಅವಕಾಶ ಸಿಗದಿದ್ದರೆ ಭಯ ಒಳಗೇ ಬೆಳೆಯಬಹುದು ಎಂಬುದು 2011ರಲ್ಲಿ ಅವರು ಸಹಲೇಖಕರೊಬ್ಬರೊಂದಿಗೆ ಮಂಡಿಸಿದ ವಾದ.

ನೀತಿಗಳಲ್ಲೂ ಬದಲಾವಣೆ ಕಾಣುತ್ತಿದೆ. ವೇಲ್ಸ್ 2010ರಲ್ಲಿ ಕಾನೂನು ಮಾಡಿ, ಮಕ್ಕಳಿಗೆ ಸಾಕಷ್ಟು ಆಟದ ಅವಕಾಶ ಇದೆಯೇ ಎಂದು ನೋಡುವ ಹೊಣೆಯನ್ನು ಸ್ಥಳೀಯಾಡಳಿತಗಳಿಗೆ ವಹಿಸಿತು. ಅಲ್ಲಿನ ರೆಕ್ಸಮ್ ಬಳಿಯ ಬಡ ವಸತಿ ಪ್ರದೇಶವೊಂದರಲ್ಲಿ 2012ರಲ್ಲಿ ‘ದಿ ಲ್ಯಾಂಡ್’ ಎಂಬ ಗುಜರಿ ಅಂಗಳ ತೆರೆಯಿತು. ಅದೇ ವರ್ಷ ಬ್ರಿಟನ್ನಿನ ಸುರಕ್ಷತಾ ಪ್ರಾಧಿಕಾರವೇ, ಆಟದಿಂದ ಅಪಾಯವನ್ನು ಪೂರ್ತಿಯಾಗಿ ತೊಡೆದುಹಾಕುವುದು ಗುರಿಯಲ್ಲ, ಅಪಾಯವನ್ನೂ ಪ್ರಯೋಜನವನ್ನೂ ತೂಗಿ ನೋಡಬೇಕು ಎಂದು ಹೇಳಿಕೆ ನೀಡಿತು. 2024ರ ಜನವರಿಯಲ್ಲಿ ಕೆನಡದ ಮಕ್ಕಳ ವೈದ್ಯರ ಸಂಘ ಸಾಹಸದ ಆಟದ ಪರವಾಗಿ ಹೇಳಿಕೆ ಹೊರಡಿಸಿತು. ಗಾಯಗೊಂಡ ಮಕ್ಕಳನ್ನು ದಿನವೂ ನೋಡುವ ವೈದ್ಯರೇ ಇದನ್ನು ಹೇಳುತ್ತಿದ್ದಾರೆ ಎಂಬುದು ಗಮನಾರ್ಹ.

ಒಂದೇ ಸುತ್ತಿಗೆ, ಎರಡು ಬಾಲ್ಯ

ಇದೆಲ್ಲ ಶ್ರೀಮಂತ ದೇಶಗಳ ಸಮಸ್ಯೆ, ನಮ್ಮ ಮಕ್ಕಳು ಮಣ್ಣಿನಲ್ಲೇ ಆಡಿ ಬೆಳೆದವರು ಎಂದು ಕೆಲವರು ಹೇಳಬಹುದು. ಬೆಳೆದವರು ನಿಜ. ಬೆಳೆಯುತ್ತಿರುವವರ ಸಂಗತಿ ಬೇರೆ. ಚಿನ್ನಿದಾಂಡು, ಲಗೋರಿ, ಮರಕೋತಿ ಆಟಗಳಿಗೆ ಬಯಲೂ ಬೇಕು, ಬಿಡುವೂ ಬೇಕು, ಬಿದ್ದರೆ ಅರಿಶಿನ ಹಚ್ಚಿ ಮತ್ತೆ ಆಡಲು ಕಳಿಸುವ ಮನಸ್ಸೂ ಬೇಕು. ನಮ್ಮ ನಗರಗಳಲ್ಲಿ ಮೂರೂ ವಿರಳವಾಗುತ್ತಿವೆ. ಶಾಲೆ ಮುಗಿಸಿದ ಮಗು ಟ್ಯೂಷನ್ನಿಗೆ ಹೋಗುತ್ತದೆ, ಅಲ್ಲಿಂದ ಬಂದು ಮೊಬೈಲಿನ ಮುಂದೆ ಕೂರುತ್ತದೆ. ಮನೆಯೊಳಗಿದೆ, ಆದುದರಿಂದ ಸುರಕ್ಷಿತವಾಗಿದೆ ಎಂದು ನಾವು ಸಮಾಧಾನ ಪಡುತ್ತೇವೆ.

ಕಾನೂನುಗಳಿಗೆ ಕೊರತೆಯಿಲ್ಲ. ಆಟ ಮಕ್ಕಳ ಹಕ್ಕು ಎಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಹೇಳುತ್ತದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ. ಉದ್ಯಾನ ಮತ್ತು ಆಟದ ಬಯಲುಗಳನ್ನು ಕಾಪಾಡಲು ಕರ್ನಾಟಕದಲ್ಲಿ 1985ರಲ್ಲೇ ಕಾಯ್ದೆಯಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಇರಲೇಬೇಕಾದವುಗಳ ಪಟ್ಟಿಯಲ್ಲಿ ಆಟದ ಮೈದಾನವೂ ಇದೆ. ಆದರೂ ಅಂಗಡಿಗಳ ಮೇಲಿನ ಮಹಡಿಯಲ್ಲಿ, ಅಂಗಳವೇ ಇಲ್ಲದೆ ನಡೆಯುವ ಶಾಲೆಗಳನ್ನು ಕಾಣಲು ನಾವು ಬಹಳ ದೂರ ಹೋಗಬೇಕಾಗಿಲ್ಲ.

ನಮ್ಮ ಸಂದರ್ಭದಲ್ಲಿ ಇನ್ನೂ ಎರಡು ಮಾತುಗಳನ್ನು ಸೇರಿಸಲೇಬೇಕು. ಮೊದಲನೆಯದು, ಸುತ್ತಿಗೆ ಹಿಡಿದ ಮಕ್ಕಳೆಲ್ಲ ಆಡುತ್ತಿದ್ದಾರೆ ಎಂದಲ್ಲ. ಗ್ಯಾರೇಜಿನಲ್ಲಿ ಸ್ಪಾನರ್ ಹಿಡಿದ ಹುಡುಗ, ಗುಜರಿ ಆಯುವ ಹುಡುಗಿ ನಮ್ಮ ಪಟ್ಟಣಗಳ ದಿನನಿತ್ಯದ ನೋಟ. 14 ವರ್ಷದೊಳಗಿನವರನ್ನು ದುಡಿಸುವುದನ್ನು 2016ರ ತಿದ್ದುಪಡಿ ಕಾನೂನು, ಮನೆಮಂದಿಯ ಉದ್ಯೋಗದಂಥ ಕೆಲವು ವಿನಾಯಿತಿಗಳೊಂದಿಗೆ, ನಿಷೇಧಿಸಿದ್ದರೂ ಆ ನೋಟ ಮರೆಯಾಗಿಲ್ಲ. ಎಮ್‌ಡ್ರುಪ್‌ನ ಮಗುವಿನ ಕೈಯಲ್ಲಿದ್ದುದೂ ಅದೇ ಸುತ್ತಿಗೆ, ಅದೇ ಗುಜರಿ. ವ್ಯತ್ಯಾಸ ಒಂದೇ. ಏನು ಮಾಡಬೇಕು, ಯಾವಾಗ ನಿಲ್ಲಿಸಬೇಕು ಎಂದು ಅಲ್ಲಿ ತೀರ್ಮಾನಿಸುತ್ತಿದ್ದುದು ಮಗು. ಇಲ್ಲಿ ಮಾಲೀಕ, ಇಲ್ಲವೇ ಹಸಿವು. ಒಂದು ಕಡೆ ಅಪಾಯವೇ ಇಲ್ಲದ ಬಾಲ್ಯ, ಇನ್ನೊಂದು ಕಡೆ ಅಪಾಯವೇ ತುಂಬಿದ ಬಾಲ್ಯ. ಎರಡರಲ್ಲೂ ಇಲ್ಲದಿರುವುದು ಮಗುವಿನ ಸ್ವಂತ ಆಯ್ಕೆ.

ಎರಡನೆಯದು ಹೆಣ್ಣುಮಕ್ಕಳ ವಿಷಯ. ಹುಡುಗ ಮರ ಹತ್ತಿ ಬಿದ್ದರೆ ನಮ್ಮ ಸಮಾಜ ಪೋಕರಿ ಎಂದು ಬೈದು ಸುಮ್ಮನಾಗುತ್ತದೆ. ಹುಡುಗಿ ಮರದ ಬುಡಕ್ಕೆ ಹೋಗುವ ಮೊದಲೇ ಯಾರಾದರೂ ಅವಳನ್ನು ಕರೆಯುತ್ತಾರೆ. ಹತ್ತು ವರ್ಷವಾಗುವ ಹೊತ್ತಿಗೆ ಅವಳ ಅಂಗಳ ಕುಗ್ಗಿ ಜಗಲಿಯಾಗಿರುತ್ತದೆ, ಆಮೇಲೆ ಅಡುಗೆಮನೆ. ಆದರೆ ಒಲೆಯ ಬೆಂಕಿ, ಈಳಿಗೆಮಣೆಯ ಅಲಗು ಇವುಗಳನ್ನು ನಿಭಾಯಿಸಲು ಅದೇ ಹುಡುಗಿಯನ್ನು ನಾವು ನಂಬುತ್ತೇವೆ! ದುಡಿಯುವಾಗ ನಂಬಿಕೆಗೆ ಅರ್ಹಳಾದವಳು ಆಡುವಾಗ ಏಕೆ ಅಲ್ಲ ಎಂಬುದಕ್ಕೆ ನಮ್ಮಲ್ಲಿ ಉತ್ತರವಿಲ್ಲ.

ಸೋರೆನ್‌ಸನ್ ತಮ್ಮ ಬದುಕಿನಲ್ಲಿ ಅನೇಕ ಸುಂದರ ತೋಟಗಳನ್ನೂ ಉದ್ಯಾನಗಳನ್ನೂ ರೂಪಿಸಿದರು. ಅವುಗಳನ್ನೆಲ್ಲ ಹಿಂದಿರುಗಿ ನೋಡುವಾಗ, ತಾನು ಮಾಡಿದವುಗಳಲ್ಲಿ ನೋಡಲು ಅತಿ ಕುರೂಪವಾದದ್ದು ಗುಜರಿ ಆಟದಂಗಳ, ಆದರೆ ತನ್ನ ಪಾಲಿಗೆ ಅತಿ ಸುಂದರವೂ ಶ್ರೇಷ್ಠವೂ ಆದದ್ದು ಅದೇ ಎಂಬರ್ಥದ ಮಾತನ್ನು ಅವರು ಹೇಳಿದ್ದಾರೆ. ಎಮ್‌ಡ್ರುಪ್‌ನ ಅಂಗಳವನ್ನು ಕಟ್ಟಲು ಭಾರೀ ಬಂಡವಾಳ ಬೇಕಾಗಿರಲಿಲ್ಲ. ಸ್ವಲ್ಪ ಜಾಗ, ಯಾರಿಗೂ ಬೇಡವಾದ ಸಾಮಾನು, ಹತ್ತಿರವಿದ್ದೂ ಸುಮ್ಮನಿರಬಲ್ಲ ಒಬ್ಬ ಹಿರಿಯ, ಇವಿಷ್ಟೇ. ಮನೆ ಕಟ್ಟಿ ಉಳಿದ ಹಲಗೆ ತುಂಡುಗಳು, ಹಳೆಯ ಟಯರು, ಹಗ್ಗ, ಮರಳು ನಮ್ಮ ಪ್ರತಿ ಬೀದಿಯಲ್ಲೂ ಬಿದ್ದಿವೆ. ಶಾಲೆಯ ಹಿಂಭಾಗದ ಒಂದು ಮೂಲೆ, ಬಡಾವಣೆಯ ಒಂದು ಖಾಲಿ ನಿವೇಶನ ಹುಡುಕಿದರೆ ಸಿಕ್ಕೀತು. ಆ ಮೂರನೆಯದು, ಸುತ್ತಿಗೆಯನ್ನು ಕಿತ್ತುಕೊಳ್ಳದೆ ಪಕ್ಕದಲ್ಲಿ ನಿಲ್ಲಬಲ್ಲ ಹಿರಿಯ, ನಮ್ಮ ಮನೆಗಳಲ್ಲಿ ಯಾರು?